ಕಾರ್ಬನ್ ಕ್ರೆಡಿಟ್ ಅಂದ್ರೆ ಏನು? ಹೊಗೆ ಕಡಿಮೆ ಮಾಡಿದ್ದನ್ನು ಮಾರುವುದು ಹೇಗೆ?

ಮಾರುವುದು ಹೊಗೆಯನ್ನಲ್ಲ, ಲೆಕ್ಕವನ್ನು. ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರದಂತೆ ತಡೆದರೆ ಒಂದು ಕ್ರೆಡಿಟ್. ತನ್ನ ಹೊಗೆ ಇಳಿಸಲು ಆಗದ, ಅಥವಾ ಮನಸ್ಸಿಲ್ಲದ, ಕಂಪನಿ ಅದನ್ನು ಕೊಂಡು ತನ್ನ ಹೊಗೆಯ ಲೆಕ್ಕದಿಂದ ಅಷ್ಟನ್ನು ಕಳೆದು ತೋರಿಸುತ್ತದೆ.

ನಮ್ಮ ಬಾಗೇಪಲ್ಲಿಯನ್ನೇ ನೋಡಿ. ಹವಾಮಾನ ಕುರಿತ ಕ್ಯೋಟೋ ಒಪ್ಪಂದದಲ್ಲಿ ಸಿಡಿಎಂ ಅಂತ ಒಂದು ವ್ಯವಸ್ಥೆ ಇತ್ತು, ನಮ್ಮಂಥ ದೇಶಗಳಲ್ಲಿ ಹೊಗೆ ಇಳಿಸಿದ್ದಕ್ಕೆ ಸಿಗುವ ಕ್ರೆಡಿಟ್ಟನ್ನು ಶ್ರೀಮಂತ ದೇಶಗಳು ಕೊಳ್ಳುವುದು. ಅದರಡಿ 2005ರಲ್ಲೇ ಅಲ್ಲಿನ ಯೋಜನೆ ನೋಂದಣಿಯಾಯಿತು: 5,500 ಮನೆಗಳಿಗೆ 2 ಘನ ಮೀಟರಿನ ಗೋಬರ್ ಗ್ಯಾಸ್. ಸಗಣಿಗೆ ನೀರು ಕಲಸಿ ಗುಂಡಿಗೆ ಬಿಟ್ಟರೆ ಒಲೆ ಉರಿಯುತ್ತದೆ, ಸೌದೆ, ಸೀಮೆಎಣ್ಣೆ ಉಳಿಯುತ್ತದೆ. ಒಂದು ಮನೆಯ ಉಳಿತಾಯ ವರ್ಷಕ್ಕೆ ಕೆಲವೇ ಟನ್. ಸಾವಿರಾರು ಮನೆ ಸೇರಿದಾಗ ಮಾರುವಷ್ಟಾಗುತ್ತದೆ, ಅದೂ ಸುಮ್ನೆ ಅಲ್ಲ, ಒಲೆ ನಿಜಕ್ಕೂ ಉರಿಯುತ್ತಿದೆಯಾ, ಎಷ್ಟು ದಿನ ಕೆಟ್ಟು ನಿಂತಿತ್ತು ಅಂತೆಲ್ಲ ಬರೆದಿಟ್ಟು, ಹೊರಗಿನ ತಪಾಸಣೆಯವರು ಬಂದು ನೋಡಿ ಒಪ್ಪಿದ ಮೇಲೆಯೇ ಕ್ರೆಡಿಟ್ ಕೈಗೆ ಸಿಗುವುದು.

ಜಗಳ ಜಾಸ್ತಿ ಇರುವುದು ಒಂದೇ ಪ್ರಶ್ನೆಯ ಮೇಲೆ: ಕ್ರೆಡಿಟ್ ದುಡ್ಡು ಬರದಿದ್ದರೂ ಈ ಕೆಲಸ ಆಗುತ್ತಿತ್ತಾ? ಆಗುತ್ತಿತ್ತು ಅಂದರೆ ಕೊಂಡವರು ಕೊಂಡಿದ್ದು ಬರೀ ಕಾಗದ. ಯಾರೂ ಕಡಿಯಲು ಹೊರಟಿರದ ಕಾಡನ್ನು 'ಉಳಿಸಿದೆವು' ಅನ್ನುವ ಯೋಜನೆಗಳ ಬಗ್ಗೆ ನನಗೆ ಅನುಮಾನ ಬರುವುದು ಇದಕ್ಕೇ.

ಬೆಲೆಯನ್ನೂ ನಂಬುವ ಹಾಗಿಲ್ಲ. ಸಿಡಿಎಂ ಕ್ರೆಡಿಟ್ 2008ರ ಹೊತ್ತಿಗೆ 20 ಯೂರೋ ದಾಟಿತ್ತು, 2012ರ ಕೊನೆಗೆ ಒಂದು ಯೂರೋಗಿಂತ ಕೆಳಗೆ ಬಿತ್ತು. ನಿಮ್ಮ ತೋಟದ ಮರಗಳಿಗೆ ಕ್ರೆಡಿಟ್ ಕೊಡಿಸುತ್ತೇವೆ ಅಂತ ಯಾರಾದರೂ ಬಂದರೆ, ತಪಾಸಣೆ ಖರ್ಚು ಯಾರದು, ಬೆಲೆ ಬಿದ್ದರೆ ಏನು ಗತಿ, ಇವೆರಡನ್ನೂ ಸಹಿ ಹಾಕುವ ಮೊದಲೇ ಕೇಳಿ.