ಮಾತ್ರೆ ಬಿಟ್ಟುಬಿಡಲೇ?

ಪ್ರಶ್ನೆ: ಬೈಪೋಲಾರ್ ಕಾಯಿಲೆಗೆ (ಮನಸ್ಸು ಕೆಲಕಾಲ ಅತಿಯಾಗಿ ಏರುವ, ಕೆಲಕಾಲ ಕುಸಿಯುವ ಕಾಯಿಲೆ) ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಒಂದು ವರ್ಷದಿಂದ ಆರಾಮಾಗಿದ್ದೇನೆ. ‘ಇನ್ನೂ ಹುಚ್ಚಿನ ಮಾತ್ರೆ ಯಾಕೆ?’ ಎಂದು ಮನೆಯವರೇ ಹಂಗಿಸುತ್ತಾರೆ. ಬಿಟ್ಟುಬಿಡಲೇ?

ಉತ್ತರ: ಬೇಡ. ನೀವು ಆರಾಮಾಗಿರುವುದರಲ್ಲಿ ಆ ಮಾತ್ರೆಯ ಪಾಲೂ ಇದೆ. ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಉನ್ಮಾದ (ಮನಸ್ಸು ಅತಿಯಾಗಿ ಏರುವ ಸ್ಥಿತಿ) ಮರುಕಳಿಸುವ ಸಾಧ್ಯತೆ ಹೆಚ್ಚು. ನಿಲ್ಲಿಸಲೇಬೇಕಾದರೂ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಹಂಗಿಸುವವರೊಡನೆ ವಾದಕ್ಕಿಳಿಯಬೇಡಿ. (ದನಿ ಏರಿದರೆ ಅದನ್ನೂ ಕಾಯಿಲೆಯ ಲೆಕ್ಕಕ್ಕೇ ಬರೆಯುತ್ತಾರೆ!) ಅವರಲ್ಲೊಬ್ಬರನ್ನು ಮುಂದಿನ ಭೇಟಿಗೆ ಕರೆದೊಯ್ಯಿರಿ. ನಿದ್ದೆ ಕಡಿಮೆಯಾದರೂ ದಣಿವೇ ಇಲ್ಲದಿದ್ದರೆ ಅದು ಉನ್ಮಾದದ ಮುನ್ಸೂಚನೆ ಎಂಬುದು ಅವರಿಗೆ ತಿಳಿದಿರಲಿ. ಲಿಥಿಯಂ ಮಟ್ಟ ನೋಡುವ ರಕ್ತಪರೀಕ್ಷೆಯನ್ನು ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ಮಾಡಿಸಿ. ವಾಂತಿಭೇದಿಯಾದರೆ, ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ನುಂಗಿದರೆ ರಕ್ತದಲ್ಲಿ ಲಿಥಿಯಂ ಮಟ್ಟ ಮಿತಿಮೀರಿ ಏರಬಹುದು. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ ಅದು ಹಾಗೆ ಏರಿದ್ದರ ಲಕ್ಷಣವಿರಬಹುದು; ತಕ್ಷಣ ಆಸ್ಪತ್ರೆಗೆ ಹೋಗಿ.