ನದಿ ಎರಡು ಮಾಡಿದ ಊರು

ಪ್ರಶ್ನೆ: ಮ್ಯೂನಿಕ್‌ನಲ್ಲಿರುವ ಮಗಳು ಲೌಫನ್ ಅನ್ನೋ ಊರಿನ ಫೋಟೋ ಕಳಿಸಿದ್ದಾಳೆ. ಸೇತುವೆ ದಾಟಿದರೆ ಆಸ್ಟ್ರಿಯಾ ಅಂತೆ! ನೋಡಿದರೆ ಎರಡೂ ಒಂದೇ ಊರಿನ ಹಾಗಿದೆಯಲ್ಲ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ನಿಮ್ಮ ಕಣ್ಣು ಸರಿಯಾಗೇ ಹಿಡಿದಿದೆ. 1816ರವರೆಗೂ ಅದು ಒಂದೇ ಊರು. ಆ ವರ್ಷ ಸಾಲ್ಜ್‌ಬರ್ಗ್ ಪ್ರಾಂತ್ಯ ಆಸ್ಟ್ರಿಯಾಕ್ಕೆ ಹೋಯಿತು, ಸಾಲ್ಜಾಖ್ ನದಿಯೇ ಗಡಿಯಾಯಿತು, ಲೌಫನ್ ಈಗ ಜರ್ಮನಿಯ ರಾಜ್ಯವಾಗಿರುವ ಬವೇರಿಯಾದಲ್ಲಿ ಉಳಿದು ಎದುರು ದಡದ ಓಬರ್ನ್‌ಡಾರ್ಫ್ ಬೇರೆ ದೇಶಕ್ಕೆ ಸೇರಿಬಿಟ್ಟಿತು. ನೆಂಟರು ಆ ಕಡೆ, ನಾವು ಈ ಕಡೆ ಅಂದ್ರೆ ಎಷ್ಟು ಸಂಕಟ, ಅಲ್ವಾ?

ಊರು ಬದುಕಿದ್ದು ಉಪ್ಪಿನಿಂದ. ನದಿಯ ಮೇಲ್ಭಾಗದ ಹಲ್ಲೈನ್ ಊರಿನ ಗಣಿಯ ಉಪ್ಪು ದೋಣಿಯಲ್ಲಿ ಬರುತ್ತಿತ್ತು. ಇಲ್ಲಿ ನೀರಿನ ಸೆಳೆತ ಜಾಸ್ತಿ, ಕೆಳಗೆ ಬಂಡೆ. ಹಾಗಾಗಿ ಪೀಪಾಯಿಗಳನ್ನು ಇಳಿಸಿ, ಮುಂದೆ ಬೇರೆ ದೋಣಿಗೆ ತುಂಬಬೇಕಿತ್ತು. ಆ ಕೆಲಸವೇ ನೂರಾರು ಮನೆಗಳ ಅನ್ನ.

ನನಗೆ ತುಂಬ ಇಷ್ಟವಾದ ಸಂಗತಿ ಬೇರೆಯೇ ಇದೆ. ಚಳಿಗಾಲದಲ್ಲಿ ದೋಣಿ ನಿಂತಾಗ ಈ ಅಂಬಿಗರು ಸುಮ್ನೆ ಕೂರದೆ ನಾಟಕ ಆಡಿ ಹೊಟ್ಟೆ ಹೊರೆಯುತ್ತಿದ್ದರು. ನಮ್ಮ ಯಕ್ಷಗಾನ ಮೇಳಗಳು ಮಳೆ ಬಂದರೆ ಗೆಜ್ಜೆ ಬಿಚ್ಚುತ್ತವೆ. ಅಲ್ಲಿ ಕೆಲಸ ನಿಂತ ಮೇಲೇ ಬಣ್ಣ ಹಚ್ಚುತ್ತಿದ್ದರು. ರೈಲು ಬಂದ ಮೇಲೆ ದೋಣಿ ವ್ಯಾಪಾರ ಮುಗಿಯಿತು.

ಮಗಳು ನಿಂತಿರುವ ಆ ಕಬ್ಬಿಣದ ಸೇತುವೆ 1903ರದ್ದು. ಈಗ ಜನ ಅದರ ಮೇಲೆ ನಡೆದುಕೊಂಡೇ ದೇಶ ದಾಟುತ್ತಾರೆ.