ಆ ನಾಲ್ಕು ಜನ ಎಲ್ಲಿ ಹೋದರು?

ಓದುಗರ ಪತ್ರ: ಮಾನ್ಯ ಸಂಪಾದಕರೇ, ಠೇವಣಿದಾರರ ಹಣ ಸಿಕ್ಕಿಹಾಕಿಕೊಂಡಿರುವ ಸೊಸೈಟಿಯೊಂದರ ಮಾಜಿ ಅಧ್ಯಕ್ಷರಿಗೆ ನಮ್ಮವರು ಸನ್ಮಾನ ಮಾಡಬಾರದಿತ್ತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಯಾವ ನ್ಯಾಯಾಲಯವೂ ಅವರನ್ನು ತಪ್ಪಿತಸ್ಥರೆಂದು ಹೇಳಿಲ್ಲ. ವ್ಯಾಪಾರದ ಹೊಣೆ ಲಾಭ ಗಳಿಸುವುದು ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಎಂದೋ ಹೇಳಿಯಾಗಿದೆ. ಜನಾಭಿಪ್ರಾಯ ಇಂದು ಹಾರ ಹಾಕುತ್ತದೆ, ನಾಳೆ ಕಲ್ಲೆಸೆಯುತ್ತದೆ. ಕಾನೂನು ಇರುವಾಗ ನೀತಿಪಾಠ ಯಾರಿಗೆ ಬೇಕು?
– ಒಬ್ಬ ಲೆಕ್ಕಪರಿಶೋಧಕ, ಠಾಣೆ

ಸಂಪಾದಕರ ಉತ್ತರ:

ಮಿತ್ರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎದುರು ವಾದ ಹೂಡುವಾಗಲೂ ಭಾಷೆಯ ಹದ ತಪ್ಪದ ಓದುಗರು ನಮಗೆ ಇರುವುದು ನನಗೆ ಹೆಮ್ಮೆ. ನಿಮ್ಮ ಮಾತಿನಲ್ಲಿರುವ ನಿಜವನ್ನು ಮೊದಲೇ ಒಪ್ಪಿಬಿಡುತ್ತೇನೆ. ಜನಾಭಿಪ್ರಾಯಕ್ಕೆ ದುಡುಕು ಹೆಚ್ಚು. 2015ರ ಜೂನ್‌ನಲ್ಲಿ ಮ್ಯಾಗಿ ನೂಡಲ್ಸ್, ಸೀಸ ಹೆಚ್ಚಿದೆಯೆಂದು ನಿಷೇಧಕ್ಕೊಳಗಾಗಿ ಅಂಗಡಿಗಳಿಂದ ಮಾಯವಾಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಅಷ್ಟರೊಳಗೆ ಮನೆಮನೆಯಲ್ಲೂ ತೀರ್ಪು ಬಂದಾಗಿತ್ತು. ಇದಕ್ಕಿಂತ ಹೆಚ್ಚು ಬಿಟ್ಟುಕೊಡಲಾರೆ.

ಫ್ರೀಡ್‌ಮನ್‌ರನ್ನು ನೀವು ಅರ್ಧಕ್ಕೇ ನಿಲ್ಲಿಸಿದ್ದೀರಿ. ಅವರು ಆ ಮಾತು ಹೇಳಿದ ಲೇಖನ 1970ರ ಸೆಪ್ಟೆಂಬರ್ 13ರಂದು ನ್ಯೂಯಾರ್ಕ್ ಟೈಮ್ಸ್‌ನ ಭಾನುವಾರದ ಮ್ಯಾಗಜೀನ್‌ನಲ್ಲಿ ಬಂತು. ಆದಷ್ಟು ಹಣ ಮಾಡಿ ಎಂದವರು ಅಲ್ಲೇ ಒಂದು ಕಟ್ಟುಪಾಡನ್ನೂ ಹಾಕಿದ್ದರು: ಸಮಾಜದ ಮೂಲ ನಿಯಮಗಳಿಗೆ ಒಳಪಟ್ಟು ಮಾಡಬೇಕು, ಕಾನೂನಿನಲ್ಲಿ ಬರೆದ ನಿಯಮಗಳಿಗೂ, ನೈತಿಕ ರೂಢಿಯಲ್ಲಿ ಉಳಿದ ನಿಯಮಗಳಿಗೂ. ಆ ಎರಡನೆಯದನ್ನು ಐವತ್ತು ವರ್ಷಗಳಿಂದ ಎಲ್ಲರೂ ನುಂಗುತ್ತಾ ಬಂದಿದ್ದಾರೆ, ನೀವೂ ನುಂಗಿದ್ದೀರಿ. ನೈತಿಕ ರೂಢಿಯನ್ನು ಮಾಡುವವರು ಯಾರು? ವಿಧಾನಸಭೆ ಮಾಡುವುದಿಲ್ಲ, ರಿಸರ್ವ್ ಬ್ಯಾಂಕ್ ಮಾಡುವುದಿಲ್ಲ. ನಮ್ಮ ಹಿರಿಯರು ಮಾತುಮಾತಿಗೆ ಹೇಳುತ್ತಿದ್ದರಲ್ಲ, 'ನಾಲ್ಕು ಜನ ಏನೆಂದಾರು' ಎಂದು, ಆ ನಾಲ್ಕು ಜನ ಮಾಡುತ್ತಾರೆ.

ಅವರನ್ನು ನಾನು ಕಣ್ಣಾರೆ ಕಂಡಿದ್ದೇನೆ. 1974ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದ ಹುಡುಗ ನಾನು. ಹಗಲು ಫೋರ್ಟಿನ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಅಕ್ಕಿ ಉದ್ದು ತುಟ್ಟಿಯಾದಾಗ ನಮ್ಮ ಧಣಿಗಳು ಇಡ್ಲಿಯ ದರ ಏರಿಸಲಿಲ್ಲ, ಹೊಸ ಇಡ್ಲಿ ತಟ್ಟೆಗಳನ್ನು ತಂದರು. ಗುಳಿ ಸ್ವಲ್ಪ ಕಿರಿದು. ಮೊದಲ ದಿನ ಯಾರೂ ತುಟಿ ಬಿಚ್ಚಲಿಲ್ಲ. ಮರುದಿನ, ದಿನಾ ಒಂಬತ್ತೂಕಾಲಿಗೆ ಬರುತ್ತಿದ್ದ ಮರಾಠಿ ಗುಮಾಸ್ತರೊಬ್ಬರು ಇಡ್ಲಿಯನ್ನು ಅಂಗೈ ಮೇಲಿಟ್ಟುಕೊಂಡು ಎದ್ದರು. ಗಲ್ಲಾಪೆಟ್ಟಿಗೆಯ ಎದುರು ಕೈ ಚಾಚಿ ನಿಂತರು. ಒಂದು ಮಾತೂ ಆಡಲಿಲ್ಲ. ಬಿಲ್ ಕೊಡಲು ಹಿಂದೆ ನಿಂತವರೆಲ್ಲ ಆ ಅಂಗೈಯನ್ನು ನೋಡಿದರು. ಧಣಿಗಳು ತಲೆ ತಗ್ಗಿಸಿ ಎಣಿಸಿದ ಚಿಲ್ಲರೆಯನ್ನೇ ಮತ್ತೆ ಎಣಿಸುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ಆ ರಾತ್ರಿ ಹಳೆಯ ತಟ್ಟೆಗಳನ್ನು ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದವನು ನಾನೇ. ವಾರದ ಮೇಲೆ ದರ ಐದು ಪೈಸೆ ಏರಿತು, ಕರಿಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದು ಏರಿಸಿದರು. ಗುಮಾಸ್ತರು ಸಂತೋಷದಿಂದ ಕೊಟ್ಟರು.

ಇಡ್ಲಿ ಇಷ್ಟೇ ದೊಡ್ಡದಿರಬೇಕೆಂದು ಯಾವ ಕಾನೂನೂ ಹೇಳಿರಲಿಲ್ಲ. ಇಂದು ಬಿಸ್ಕತ್ತಿನ ಪೊಟ್ಟಣದ ಬೆಲೆ ಹಾಗೆಯೇ ಉಳಿದು ಒಳಗಿನ ತೂಕ ಇಳಿಯುತ್ತದೆ. ತೂಕವನ್ನು ಹೊದಿಕೆಯ ಮೇಲೆ ಅಚ್ಚು ಹಾಕಿರುತ್ತಾರೆ, ಹಾಗಾಗಿ ನಿಮ್ಮ ಲೆಕ್ಕದಲ್ಲಿ ಎಲ್ಲ ಸರಿ. ಅಂಗೈ ಚಾಚಿ ನಿಲ್ಲೋಣವೆಂದರೆ ಎದುರಿಗೆ ಧಣಿಯೇ ಇಲ್ಲ.

ಕಾನೂನು ಇದೆಯಲ್ಲ ಎನ್ನುತ್ತೀರಿ. ಆ ಕಾನೂನು ಎಲ್ಲಿಂದ ಬಂತೆಂದು ನೋಡಿ. 1972ರಲ್ಲಿ ಬೆಲೆ ಏರಿಕೆಯ ವಿರುದ್ಧ ಮೃಣಾಲ್ ಗೋರೆ, ಅಹಿಲ್ಯಾ ರಾಂಗ್ಣೇಕರ್ ಮುಂದಾಳತ್ವದಲ್ಲಿ ಈ ನಗರದ ಗೃಹಿಣಿಯರು ಲಟ್ಟಣಿಗೆ ಹಿಡಿದು ಬೀದಿಗಿಳಿದರು. 1975ರಲ್ಲಿ ಮುಂಬಯಿ ಗ್ರಾಹಕ ಪಂಚಾಯತಿ ಹುಟ್ಟಿತು; ಮನೆಮನೆಗಳು ಒಟ್ಟಾಗಿ ತಿಂಗಳ ದಿನಸಿ ತರಿಸಿ ಹಂಚಿಕೊಂಡವು. ದೇಶಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಲಟ್ಟಣಿಗೆ ಮುಂದೆ, ಕಾಯ್ದೆ ಹದಿನಾಲ್ಕು ವರ್ಷ ಹಿಂದೆ.

ನಿಮ್ಮದೇ ಕ್ಷೇತ್ರಕ್ಕೆ ಬರುತ್ತೇನೆ. ಬ್ಯಾಂಕ್ ಠೇವಣಿಗೆ ವಿಮೆ 1962ರಲ್ಲಿ ಶುರುವಾಯಿತು, ಮಿತಿ 1,500 ರೂಪಾಯಿ. 1993ರ ಹೊತ್ತಿಗೆ ಅದು ಒಂದು ಲಕ್ಷಕ್ಕೆ ಬಂತು. ಅಲ್ಲಿಗೆ ನಿಂತಿತು. ಜಾಗದ ಬೆಲೆ, ಔಷಧದ ಬೆಲೆ, ಮಕ್ಕಳ ಶಾಲೆಯ ಶುಲ್ಕ ಎಲ್ಲಿಂದೆಲ್ಲಿಗೋ ಹೋದರೂ ಒಂದು ಲಕ್ಷ ಒಂದು ಲಕ್ಷವಾಗಿಯೇ ಇಪ್ಪತ್ತಾರು ವರ್ಷ ಕೂತಿತು. 2019ರ ಸೆಪ್ಟೆಂಬರ್‌ನಲ್ಲಿ ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ (ಪಿಎಂಸಿ) ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ನಿರ್ಬಂಧ ಬಿತ್ತು, ಖಾತೆಯಿಂದ ತೆಗೆಯಬಹುದಾದದ್ದು ಮೊದಲಿಗೆ ಒಂದು ಸಾವಿರ ರೂಪಾಯಿ ಮಾತ್ರ. ಪಿಂಚಣಿದಾರರು, ಟ್ಯಾಕ್ಸಿ ಚಾಲಕರು, ಸೊಸೆಯ ಕೈ ಹಿಡಿದುಕೊಂಡು ಬಂದ ಮುದುಕಿಯರು ರಸ್ತೆಯಲ್ಲಿ ನಿಂತು ಕೂಗಿದರು. 2020ರ ಫೆಬ್ರವರಿ 4ರಂದು ಮಿತಿ ಐದು ಲಕ್ಷವಾಯಿತು. ಇಪ್ಪತ್ತಾರು ವರ್ಷ ಯಾವ ಪರಿಶೋಧಕರ ಟಿಪ್ಪಣಿಯೂ ಮಾಡದ ಕೆಲಸ ಐದು ತಿಂಗಳಲ್ಲಿ ಆಯಿತು. ಇದನ್ನೇ ನೀವು ಇಂದು ಹಾರ, ನಾಳೆ ಕಲ್ಲು ಎನ್ನುತ್ತೀರಿ.

ಇನ್ನು ಆ ಸನ್ಮಾನ. ನೀವು ಸಭೆಯಲ್ಲಿ ಇರಲಿಲ್ಲ, ನಾನಿದ್ದೆ. ವೇದಿಕೆಯಲ್ಲಿ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಬೆಳ್ಳಿ ಬಣ್ಣದ ಸ್ಮರಣಿಕೆ. ಮಾನಪತ್ರ ಓದಿದವರು 'ಕೊಡುಗೈ ದಾನಿ' ಎಂದು ಮೂರು ಸಲ ಹೇಳಿದರು. ಕೊನೆಯ ಸಾಲಿಗಿಂತ ಒಂದು ಮುಂದೆ, ಕಂಬದ ಪಕ್ಕ, ಒಬ್ಬ ವಿಧವೆ ಕುಳಿತಿದ್ದರು. ಮೂವತ್ತು ವರ್ಷ ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ಮಾರಿ ಉಳಿಸಿದ ಹಣವನ್ನು ಅವರು ಆ ಸೊಸೈಟಿಯಲ್ಲೇ ಇಟ್ಟಿದ್ದರು. ಅದು ಅಧ್ಯಕ್ಷರ ಬಂಧುಗಳ ವ್ಯವಹಾರಗಳಿಗೆ ಸಾಲವಾಗಿ ಹೋಗಿದೆ. ನಿರ್ಣಯದ ಪುಸ್ತಕ ಸರಿಯಿದೆ, ಸಹಿಗಳೂ ಸರಿಯಿವೆ. ಎಲ್ಲರೂ ಚಪ್ಪಾಳೆ ತಟ್ಟುವಾಗ ಆಕೆಯೂ ಎರಡು ಸಲ ತಟ್ಟಿ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಅಂಥದ್ದೇ ಇನ್ನೊಂದು ಸಮಾರಂಭದ ಫೋಟೊವನ್ನು ಎರಡು ವರ್ಷದ ಹಿಂದೆ ಇದೇ ಪತ್ರಿಕೆ ಅಚ್ಚು ಹಾಕಿತ್ತು. ಅದು ನನ್ನ ತಪ್ಪು. ಕಳೆದ ತಿಂಗಳು ಬರೆದದ್ದಕ್ಕೆ ಅದೂ ಒಂದು ಕಾರಣ.

ದೊಡ್ಡವರಲ್ಲೂ ಇದೇ ನಡೆಯುತ್ತದೆ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂಗೆ 2008ರಲ್ಲಿ ಉತ್ತಮ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕಪತ್ರಗಳು ಸುಳ್ಳೆಂದು ತಾವೇ ಪತ್ರ ಬರೆದರು. ಆ ಲೆಕ್ಕಕ್ಕೂ ಪರಿಶೋಧಕರ ಸಹಿ ಇತ್ತು, ಮಿತ್ರರೇ. ಈಗ 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇಕಡ ಎರಡನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಮಾಡಲಿ, ಶಾಲೆಗಳಾಗಲಿ. ಆ ಎರಡಕ್ಕೆ ಫಲಕ ಹಾಕಿ ಫೋಟೊ ತೆಗೆಸಿಕೊಂಡ ಮೇಲೆ ಉಳಿದ ತೊಂಬತ್ತೆಂಟು ಹೇಗೆ ಬಂತೆಂದು ಕೇಳುವವರೇ ಇಲ್ಲವಲ್ಲ ಎಂಬುದು ನನ್ನ ಸಂಕಟ.

ನಮ್ಮ ಮನೆಗಳಲ್ಲೂ ಕೇಳುವುದು ನಿಂತಿದೆ. ಮಾಟುಂಗದ ಛತ್ರಗಳಲ್ಲಿ ಮದುವೆಯ ಮಾತು ನಡೆಯುವಾಗ ಹುಡುಗನ ಅಪ್ಪ ಸಾಲ ತೀರಿಸುವವನೇ, ಆಳುಗಳಿಗೆ ಸಂಬಳ ಹೊತ್ತಿಗೆ ಕೊಡುವವನೇ ಎಂದು ವಿಚಾರಿಸುತ್ತಿದ್ದರು. ಈಗ ಪ್ಯಾಕೇಜ್ ಎಷ್ಟು ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದ. ಬಿದ್ದ ಅಕ್ಕಿ, ಕದ್ದದ್ದಲ್ಲ. ಯಾವ ಅರಸನ ಕಾನೂನೂ ಮುರಿದಿರಲಿಲ್ಲ. ಆದರೂ ಹೆಂಡತಿ ಲಕ್ಕಮ್ಮ ಅದನ್ನು ಇದ್ದಲ್ಲಿಗೇ ಸುರಿದು ಬಾ ಎಂದಳು. ಎಂಟುನೂರು ವರ್ಷ ನಾವು ನೆನಪಿಟ್ಟುಕೊಂಡದ್ದು ಅವಳ ಆ ಒಂದು ಮಾತನ್ನು.

ನೀವೂ ಯಾವುದೋ ಸಂಘದ, ಯಾವುದೋ ಸೊಸೈಟಿಯ ಸದಸ್ಯರಾಗಿರುತ್ತೀರಿ. ಸೆಪ್ಟೆಂಬರ್ ಒಳಗೆ ವಾರ್ಷಿಕ ಮಹಾಸಭೆ ನಡೆಯುತ್ತದೆ. ವರದಿ ಓದಿ, 'ಅನುಮೋದಿಸಲಾಗಿದೆ' ಎಂದು ಕೂಗಿ, ಎಲ್ಲರೂ ಉಪಾಹಾರಕ್ಕೆ ಏಳುತ್ತಾರೆ. ಈ ಸಲ ಏಳುವ ಮೊದಲು, ನಿರ್ದೇಶಕರ ಬಂಧುಗಳಿಗೆ ಕೊಟ್ಟ ಸಾಲ ಎಷ್ಟು ಎಂದು ನಿಂತು ಕೇಳಿ. ನಿಮ್ಮಷ್ಟು ಚೆನ್ನಾಗಿ ಲೆಕ್ಕ ಬಲ್ಲವರು ಕೇಳಿದರೆ ತಳ್ಳಿಹಾಕುವುದು ಕಷ್ಟ. ಬಂದ ಉತ್ತರವನ್ನು ನನಗೆ ಬರೆಯಿರಿ, ಅಚ್ಚು ಹಾಕುತ್ತೇನೆ.